ಬೆಲ್ಟಿಗೆ ಜಾಲರಿ ಯಾಕಿರಲಿಲ್ಲ?

ಕಳೆದ ಸಲ ಸಿಂಧನೂರಿಗೆ ಹೋದಾಗ ಕಾಕಾ ಎಡಗೈಯಲ್ಲಿ ಚಹಾ ಹಿಡಿದು ಕೂತಿದ್ದರು. ಬಲಗೈಯ ಎರಡು ಬೆರಳು ಈಗಿಲ್ಲ. ಅಕ್ಕಿ ಮಿಲ್ಲಿನಲ್ಲಿ ಬೆಲ್ಟಿನ ಹತ್ತಿರ ಬಿದ್ದ ಹೊಟ್ಟು ತೆಗೆಯೋಕೆ ಬಗ್ಗಿದಾಗ ಹೆಗಲ ಮೇಲಿನ ಟವೆಲ್ ಸುತ್ತಿಕೊಂಡಿತಂತೆ.

"ನಂದ ತಪ್ಪು ತಮ್ಮಾ, ನೋಡ್ಕೊಂಡು ಮಾಡಬೇಕಿತ್ತು" ಅಂದರು. ಮಿಲ್ಲಿನವರೂ ಅದನ್ನೇ ಅಂದಿದ್ದಾರೆ. ಮನೆಯವರೂ ಅದನ್ನೇ.

ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ನಮ್ಮ ಆಫೀಸಿನಲ್ಲಿ ಸರ್ವರ್ ಬಿದ್ದರೆ ಮರುದಿನ ಎಲ್ಲರೂ ಕೂತು ಕಾರಣ ಬರೆಯುತ್ತೇವೆ. ಅದರಲ್ಲಿ ತಪ್ಪು ಮಾಡಿದವರ ಹೆಸರು ಇರಲ್ಲ. ಒಬ್ಬ ಕೈ ತಪ್ಪಿದರೆ ತಡೆಯೋಕೆ ಏನಿತ್ತು, ಅದು ಯಾಕೆ ತಡೀಲಿಲ್ಲ ಅನ್ನೋದಷ್ಟೇ ಪ್ರಶ್ನೆ. ಹೆಸರು ಹಿಡಿದು ಬೈದರೆ ಮುಂದಿನ ಸಲ ಯಾರೂ ಬಾಯಿ ಬಿಡಲ್ಲ ನೋಡಿ. ಅಷ್ಟಕ್ಕೂ ನಮ್ಮದು ಹೋದರೆ ಡೇಟಾ, ಬ್ಯಾಕಪ್ ಇರುತ್ತೆ.

"ಕಾಕಾ, ಇದಕ್ಕಿಂತ ಮೊದಲು ಯಾರದಾದ್ರೂ ಬಟ್ಟೆ ಸಿಕ್ಕಿತ್ತಾ?" ಕೇಳಿದೆ.

"ಎರಡ್ ಸಲ ಸಿಕ್ಕಿತ್ತು. ಒಮ್ಮೆ ನನ್ನ ಅಂಗಿ ತೋಳೇ ಹರೀತು."

"ಮಾಲೀಕರಿಗೆ ಹೇಳಲಿಲ್ವಾ?"

"ಹೇಳಿದ್ರ ನಾಳಿಂದ ಬರಬ್ಯಾಡ ಅಂತಾರ."

ಆ ಎರಡು ಸಲದಲ್ಲಿ ಒಮ್ಮೆ ಯಾರಾದರೂ ಧೈರ್ಯವಾಗಿ ಹೇಳುವಂತಿದ್ದರೆ ಬೆರಳು ಉಳೀತಿತ್ತು. ತಿರುಗುವ ಯಂತ್ರಕ್ಕೆ ಭದ್ರ ಬೇಲಿ ಇರಬೇಕು, ಓಡುತ್ತಿರುವಾಗ ಅದರ ಹತ್ತಿರ ಹೋಗುವವರು ತರಬೇತಿ ಪಡೆದಿರಬೇಕು, ಅವರಿಗೆ ಮೈಗೆ ಹತ್ತಿದ ಬಟ್ಟೆಯನ್ನು ಕಾರ್ಖಾನೆಯವರೇ ಕೊಡಬೇಕು ಅಂತ 1948ರ ಕಾರ್ಖಾನೆಗಳ ಕಾಯ್ದೆಯಲ್ಲೇ ಬರೆದಿತ್ತು. ಟವೆಲ್ ಹಾಕಿಕೊಂಡದ್ದು ಕಾಕಾನ ತಪ್ಪು ಅನ್ನುವವರು ಇದನ್ನೊಮ್ಮೆ ಓದಬೇಕು.

ಮರುದಿನ ಲಿಂಗಸುಗೂರಿಗೆ ಹೊರಟೆ. ದಾರಿಯಲ್ಲಿ ಮಸ್ಕಿ. ಅಲ್ಲಿನ ಅಶೋಕನ ಶಾಸನವನ್ನು 1915ರಲ್ಲಿ ಕಂಡುಹಿಡಿದವನು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ನಮ್ಮ ಸೀಮೆಗೆ ಚಿನ್ನದ ನಂಟು ಹಳೆಯದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇವತ್ತಿಗೂ ಜನ ನೆಲದಡಿ ಇಳಿದು ಚಿನ್ನ ತೆಗೆಯುತ್ತಾರೆ. ಗಣಿ ಅಂದರೆ ಅಪಾಯ ಇಲ್ಲ ಅಂತಲ್ಲ. ಆದರೆ ಕೆಳಗೆ ಇಳಿದವರ ಹೆಸರು ಪುಸ್ತಕದಲ್ಲಿ ಇರಲೇಬೇಕು ಅನ್ನೋದು ಅಲ್ಲಿನ ಕಾನೂನು. ಪಾಳಿ ಮುಗಿದಾಗ ಒಬ್ಬ ಮೇಲೆ ಬರಲಿಲ್ಲ ಅಂದರೆ ಹುಡುಕಾಟ ಶುರು. ಅಕ್ಕಿ ಮಿಲ್ಲಿನಲ್ಲಿ ಹಮಾಲರ ಹೆಸರು ಎಷ್ಟು ಕಡೆ ಬರೆದಿಡುತ್ತಾರೋ!

ವಾಪಸ್ ಬಂದು ಕಾಕಾನ ಜೊತೆ ಮಿಲ್ಲಿಗೆ ಹೋದೆ. ಮಾಲೀಕರು ಮೊದಲು ಮುಖ ಗಂಟಿಕ್ಕಿದರು. ನಾನು ಪರಿಹಾರದ ಮಾತು ಎತ್ತುವ ಮೊದಲು ಜಾಲರಿಯ ಮಾತು ಎತ್ತಿದೆ. ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ ಅಳತೆ ಕೊಟ್ಟರು.

ಮೊನ್ನೆ ಕಾಕಾ ಫೋನ್ ಮಾಡಿದ್ದರು. ಒಂದು ಬೆಲ್ಟಿಗೆ ಜಾಲರಿ ಬಂದಿದೆ. ಇನ್ನೊಂದಕ್ಕೆ ಸುಗ್ಗಿ ಮುಗಿದ ಮೇಲೆ ಅಂತೆ.