ಗುಡ್ಡಕ್ಕೆ ಟಿಕೆಟ್ ಬಂತು, ಊರಿಗೆ ಏನು ಬಂತು?

ಗುಡ್ಡದ ದಾರಿ ತೆರೆದಿರುವ ದಿನಗಳಲ್ಲಿ ಶನಿವಾರ ಬೆಳಗಾಗುವುದರೊಳಗೆ ಕಳಸ, ಸಂಸೆ ರಸ್ತೆಯಲ್ಲಿ ಬೆಂಗಳೂರಿನ ಟೆಂಪೋ ಟ್ರಾವೆಲರುಗಳ ಸಾಲು. ಹಿಂದಿನ ರಾತ್ರಿ ಆಫೀಸು ಮುಗಿಸಿ ಹತ್ತಿದ ಹುಡುಗ ಹುಡುಗಿಯರು ಇಲ್ಲಿ ಇಳಿದು, ಇಡ್ಲಿ ತಿಂದು, ಜೀಪು ಹತ್ತಿ ಮುಳ್ಳೋಡಿಗೆ ಹೋಗ್ತಾರೆ. ಅಲ್ಲಿಂದ ಕುದುರೆಮುಖ ಶಿಖರಕ್ಕೆ ಕಾಲ್ನಡಿಗೆ. ಇದಕ್ಕೆ ಪುಸ್ತಕದವರು ಚಾರಣ ಅಂತಾರೆ, ಬಂದವರು ಟ್ರೆಕ್ಕಿಂಗ್ ಅಂತಾರೆ. ನಮ್ಮ ಕಡೆ ಗುಡ್ಡ ಹತ್ತೋದು ಅಂತ ಅಷ್ಟೆ.

ಈಗ ಗುಡ್ಡ ಹತ್ತಲಿಕ್ಕೂ ಮುಂಗಡ ಟಿಕೆಟ್ ಬೇಕು. ಒಳ್ಳೆಯದೇ ಆಯಿತು. ಆದರೆ ಈ ಟಿಕೆಟ್ಟಿನಿಂದ ಗುಡ್ಡಕ್ಕೆಷ್ಟು ಲಾಭ, ಊರಿಗೆಷ್ಟು ಲಾಭ ಅನ್ನೋ ಲೆಕ್ಕ ಮಾತ್ರ ಯಾರೂ ಕೇಳ್ತಾ ಇಲ್ಲ.

ಟಿಕೆಟ್ ಬಂದದ್ದು ಹೇಗೆ?

2024ರ ಜನವರಿಯ ಗಣರಾಜ್ಯೋತ್ಸವ ಶುಕ್ರವಾರ ಬಿತ್ತು. ಮೂರು ದಿನ ರಜೆ. ಪಕ್ಕದ ದಕ್ಷಿಣ ಕನ್ನಡದ ಕುಮಾರ ಪರ್ವತದ ಬುಡಕ್ಕೆ ಸಾವಿರಾರು ಜನ ಬಂದು ನಿಂತರು. ಗಿರಿಗದ್ದೆ ಚೆಕ್‌ಪೋಸ್ಟಿನ ನೂಕುನುಗ್ಗಲಿನ ಫೋಟೋ ಮೊಬೈಲಿನಲ್ಲಿ ರಾಜ್ಯವೆಲ್ಲ ಸುತ್ತಿತು. ಅದು ಕಾಡೋ, ಸಿನಿಮಾ ಟಾಕೀಸಿನ ಗೇಟೋ ತಿಳಿಯದಂತಿತ್ತು. ಅರಣ್ಯ ಮಂತ್ರಿ ಈಶ್ವರ ಖಂಡ್ರೆಯವರು ಆನ್‌ಲೈನ್ ಟಿಕೆಟ್ ಇಲ್ಲದ ದಾರಿಗಳನ್ನೆಲ್ಲ ತಾತ್ಕಾಲಿಕವಾಗಿ ಬಂದ್ ಮಾಡಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಇಲಾಖೆಯ ‘ಅರಣ್ಯ ವಿಹಾರ’ ಎಂಬ ಆನ್‌ಲೈನ್ ಬುಕಿಂಗ್ ಶುರುವಾಯಿತು. ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹೇಳಿದರು.

ಮಿತಿ ಬೇಕೇ? ಬೇಕು

‘ಗುಡ್ಡ ಏನು ಸವೆದು ಹೋಗುತ್ತಾ?’ ಅಂತ ಕೇಳುವವರಿದ್ದಾರೆ. ಹೌದು ಸ್ವಾಮಿ, ಸವೆದು ಹೋಗುತ್ತೆ. ಕುದುರೆಮುಖದ ನೆತ್ತಿ ಬರೀ ಕಲ್ಲಲ್ಲ. ಮೇಲೆ ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಕಾಡು. 300 ಜನ ಹತ್ತಿ ಇಳಿದರೆ ಒಂದೇ ಕಾಲುದಾರಿಯ ಮೇಲೆ ದಿನಕ್ಕೆ 600 ಸಲ ನಡೆದ ಹಾಗೆ. ಹುಲ್ಲಿನ ಬೇರು ಸತ್ತು ಮಣ್ಣು ಗಟ್ಟಿಯಾಗುತ್ತೆ. ಕೆಸರಾದರೆ ಜನ ಪಕ್ಕಕ್ಕೆ ಕಾಲಿಡ್ತಾರೆ, ಒಂದು ದಾರಿ ಮೂರಾಗುತ್ತೆ. ಆಮೇಲೆ ಮಲೆನಾಡಿನ ಮಳೆ ಬಿದ್ದರೆ ಆ ದಾರಿಯೇ ಹಳ್ಳ.

ಆ ಹುಲ್ಲೂ ಶೋಲಾ ಕಾಡೂ ಮಳೆ ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಈ ಸಾಲಿನ ಗಂಗಾಮೂಲದಲ್ಲಿ. ಭದ್ರೆ ಲಕ್ಕವಳ್ಳಿಯಲ್ಲಿ ನಿಂತು ದಾವಣಗೆರೆ ಕಡೆಯ ಗದ್ದೆಗೆ ನೀರಾಗುತ್ತೆ. ಅಕ್ಕಿ ಅಂಗಡಿಯವರಿಗೂ ಗುಡ್ಡದ ಹುಲ್ಲಿಗೂ ಸಂಬಂಧ ಇಲ್ಲ ಅನ್ನಬೇಡಿ.

1987ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ಮೂರು ಜಿಲ್ಲೆಗೆ ಹರಡಿದ 600 ಚದರ ಕಿಲೋಮೀಟರ್ ಕಾಡು. ಆದರೂ ಅದರ ಒಡಲಲ್ಲೇ ಅದಿರು ತೆಗೆಯುವುದು ನಡೆದೇ ಇತ್ತು. ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ಕೊಟ್ಟ ಮೇಲೆ 2005ರ ಕೊನೆಗೆ ಗಣಿ ನಿಂತಿತು. ಜನ ಹೋರಾಡಿ ಗಣಿ ನಿಲ್ಲಿಸಿದ್ದು ಗುಡ್ಡವನ್ನು ವಾರಾಂತ್ಯದ ಸಂತೆ ಮಾಡಲಿಕ್ಕಲ್ಲ. ಹಾಗಾಗಿ ಮಿತಿ ಸರಿ. ತಕರಾರು ಇರುವುದು ಮಿತಿಯ ಒಳಗೆ ಯಾರಿಗೆ ಜಾಗ ಅನ್ನುವಲ್ಲಿ.

ಮೊಬೈಲ್ ಇದ್ದವನೇ ಮುಂದೆ

ಟಿಕೆಟ್ ಆನ್‌ಲೈನ್. ರಜೆ ದಿನದ ಟಿಕೆಟ್ಟಿಗೆ ಪೈಪೋಟಿ. ಬೆಂಗಳೂರಿನಲ್ಲಿ ಕೂತು ಬಸ್ಸು, ಊಟ, ಜೀಪು, ಗೈಡು ಎಲ್ಲ ಸೇರಿಸಿ ಪ್ಯಾಕೇಜು ಮಾರುವವನಿಗೆ ಬೆರಳ ತುದಿಯಲ್ಲಿ ಬುಕಿಂಗ್ ಗೊತ್ತು. ಕಳಸದ ಸುತ್ತಿನ ಎಷ್ಟೋ ಹಳ್ಳಿಯಲ್ಲಿ ಫೋನ್ ಹಚ್ಚಬೇಕಾದರೆ ದಿಬ್ಬ ಹತ್ತಿ ನಿಲ್ಲಬೇಕು. ಭಾನುವಾರ ಅಂಗಡಿ ಮುಚ್ಚಿ ಮಕ್ಕಳಿಗೆ ನಮ್ಮ ಗುಡ್ಡ ತೋರಿಸಿಕೊಂಡು ಬರೋಣ ಅನ್ನುವ ಚಿಕ್ಕಮಗಳೂರಿನ ವ್ಯಾಪಾರಿಗೆ ಅಷ್ಟು ಹೊತ್ತಿಗೆ ಟಿಕೆಟ್ ಮುಗಿದಿರುತ್ತೆ.

ಈ ಜಿಲ್ಲೆಯವರಿಗೆ ಬೆಟ್ಟ ಹತ್ತುವುದನ್ನು ಯಾರೂ ಕಲಿಸಬೇಕಾಗಿಲ್ಲ. ದೀಪಾವಳಿಗೆ ದೇವೀರಮ್ಮನ ಬೆಟ್ಟವನ್ನು ನಡುರಾತ್ರಿಯಿಂದಲೇ ಮುದುಕಿಯರೂ ಹತ್ತುತ್ತಾರೆ. ಅಂಥವರು ಸ್ವಂತ ಜಿಲ್ಲೆಯ ಗುಡ್ಡಕ್ಕೆ ಹೊರಗಿನವರಾಗಬಾರದು. 300ರಲ್ಲಿ ಒಂದಿಷ್ಟನ್ನು ಜಿಲ್ಲೆಯ ವಿಳಾಸ ಇದ್ದವರಿಗೆ ಅಂತ ಎತ್ತಿಟ್ಟು, ಆಧಾರ್ ಕಾರ್ಡ್ ನೋಡಿ ಕೌಂಟರಿನಲ್ಲಿ ಕೊಟ್ಟರೆ ಕಾಡಿಗೆ ಒಂದು ಹೆಜ್ಜೆಯೂ ಹೆಚ್ಚಾಗದು.

ಬಸ್ಸಿನ ಮಾತು

ಕಳಸ, ಕೊಪ್ಪ ಕಡೆ ಬಸ್ಸಿನಲ್ಲಿ ಓಡಾಡುವವರಿಗೆ ಸಹಕಾರ ಸಾರಿಗೆ ಮರೆತಿರಲಿಕ್ಕಿಲ್ಲ. 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಂಸ್ಥೆ ಅದು. ಸಾಲ, ಡೀಸೆಲ್ ದರ ತಾಳಲಾರದೆ 2020ರಲ್ಲಿ ನಿಂತುಹೋಯಿತು. 2023ರಲ್ಲಿ ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂತು. ಆದರೆ ಅದು ಸರಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸನ್ನೇ ನಂಬಿದ ಮಲೆನಾಡಿನ ಮೂಲೆಗಳಿಗೆ ಅದರ ಫಲ ಸಿಕ್ಕಿದ್ದು ಕಡಿಮೆ. ಬೆಳಿಗ್ಗೆ ಬೇಗ ಸಂಸೆ ಮುಟ್ಟಿ, ಸಂಜೆ ವಾಪಸು ಬರುವ ಬಸ್ಸಿಲ್ಲದಿದ್ದರೆ ಗುಡ್ಡ ಕಾರಿದ್ದವನದ್ದೇ.

ಇತ್ತ ಮುಳ್ಳಯ್ಯನಗಿರಿ ನೋಡಿ. 1,930 ಮೀಟರ್, ರಾಜ್ಯಕ್ಕೇ ಎತ್ತರದ ಶಿಖರ. ಅಲ್ಲಿ ವಾಹನಗಳ ಕಾಟ ತಡೆಯಲಾಗದೆ 2025ರ ಸೆಪ್ಟೆಂಬರಿನಲ್ಲಿ ಜಿಲ್ಲಾಡಳಿತ ಗಾಡಿಗಳಿಗೂ ಮುಂಗಡ ಬುಕಿಂಗ್ ತಂದಿತು. ಕುದುರೆಮುಖದಲ್ಲಿ ಟಿಕೆಟ್ ಸಿಗದವನು ಗಿರಿ ಕಡೆ ತಿರುಗಿಸ್ತಾನೆ, ಅಲ್ಲೂ ಸಿಗದವನು ಮೂಡಿಗೆರೆ ಕಡೆಯ ಯಾವುದೋ ಗುಡ್ಡ ಹುಡುಕ್ತಾನೆ. ಒಂದೊಂದು ಗುಡ್ಡಕ್ಕೆ ಒಂದೊಂದು ಬೀಗ ಹಾಕಿದರೆ ಜನ ಕಡಿಮೆಯಾಗೋದಿಲ್ಲ, ಜಾಗ ಬದಲಾಯಿಸ್ತಾರೆ. ಕೈಮರ ಚೆಕ್‌ಪೋಸ್ಟಿನಲ್ಲಿ ಕಾರು ನಿಲ್ಲಿಸಿ ಬಸ್ಸಿನಲ್ಲಿ ಮೇಲೆ ಕರೆದೊಯ್ದರೆ ರಸ್ತೆಯೂ ಉಳೀತು, ನಾಲ್ಕು ಜನಕ್ಕೆ ಕೆಲಸವೂ ಆಯ್ತು.

ಒಳಗಿನವನಿಗೆ ‘ಹೋಗು’, ಹೊರಗಿನವನಿಗೆ ‘ಬಾ’

ಎಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಉದ್ಯಾನವಾದ ಮೇಲೆ ಅದರೊಳಗಿನ ಮನೆಗಳವರಿಗೆ ಪರಿಹಾರ ತಗೊಂಡು ಹೊರಗೆ ಹೋಗಿ ಅಂತ ಸರಕಾರ ಹೇಳಿತು. ಹಲವರು ಹೋದರು, ಉಳಿದವರು ಉಳಿದರು. ರಸ್ತೆ, ಕರೆಂಟು, ಸೇತುವೆ ಕೇಳಿದರೆ ಉದ್ಯಾನದ ಕಾನೂನು ಅಡ್ಡ ಬರುತ್ತೆ. ಈ ಸಿಟ್ಟಿನ ಮೇಲೆಯೇ ಇಲ್ಲಿ ನಕ್ಸಲರು ಕಾಲೂರಿದ್ದು. 2003ರ ಈದು ಎನ್‌ಕೌಂಟರ್‌ನಿಂದ 2025ರ ಜನವರಿಯಲ್ಲಿ ಆರು ಮಂದಿ ಶರಣಾಗುವ ತನಕ ಆ ಕತೆ ಎಳೀತು. ಹಾಗೆ ಬೆಂದ ಊರಿನ ಮುಂದೆಯೇ ಈಗ ಹೊರಗಿನವನು ಟಿಕೆಟ್ ತೋರಿಸಿ ಒಳಗೆ ಹೋಗ್ತಾನೆ. ಅವನದ್ದು ತಪ್ಪಲ್ಲ. ಆದರೆ ಆ ಟಿಕೆಟ್ಟಿನ ದುಡ್ಡಿನಲ್ಲಿ ದಾರಿ ಬದಿಯ ಹಳ್ಳಿಗೆಷ್ಟು ಬಂತು ಅಂತ ಕೇಳುವ ಹಕ್ಕು ಅಲ್ಲಿಯವನಿಗಿಲ್ಲವೆ?

ಜೀಪಿನವರಿಗೆ, ಹೋಂಸ್ಟೇಯವರಿಗೆ, ಗೈಡ್ ಹುಡುಗರಿಗೆ ಸಂಪಾದನೆ ಆಗ್ತಿದೆ, ನಿಜ. ಅದು ದಾರಿ ಬಂದ್ ಆದ ಕೂಡಲೇ ನಿಲ್ಲುವ ಸಂಪಾದನೆ. ಬೇಸಿಗೆಯಲ್ಲಿ ಬೆಂಕಿ ಭಯಕ್ಕೆ, ಮಳೆಗಾಲದಲ್ಲಿ ಕುಸಿತದ ಭಯಕ್ಕೆ ಬಾಗಿಲು ಹಾಕಿದರೆ ಆ ತಿಂಗಳು ಒಲೆ ಉರಿಯೋದು ಸಾಲದಲ್ಲಿ.

ಹೋಗುವವರಿಗೆ ಎರಡು ಮಾತು

ಟಿಕೆಟ್ ಸಿಕ್ಕವರು ಹಗುರವಾಗಿ ತಗೋಬೇಡಿ. ಮುಳ್ಳೋಡಿಯಿಂದ ಹೋಗಿ ಬರಲು 20 ಕಿಲೋಮೀಟರಿಗೆ ಕಡಿಮೆ ಇಲ್ಲ. ಕಾಡಲ್ಲಿ ರಾತ್ರಿ ತಂಗುವಂತಿಲ್ಲ, ಆದ್ದರಿಂದ ಬೆಳಿಗ್ಗೆ ಬೇಗ ಹೊರಡಬೇಕು. ಗುರುತಿನ ಚೀಟಿ ಇರಲಿ. ಮಳೆ ಬಿದ್ದರೆ ಇಂಬಳ ಹತ್ತುತ್ತೆ, ಉದ್ದದ ಸಾಕ್ಸು ಇರಲಿ. ಮಂಜು ಕವಿದರೆ ಹತ್ತಡಿ ಮುಂದಿನವನೂ ಕಾಣ, ಗೈಡನ್ನು ಬಿಟ್ಟು ಅಡ್ಡದಾರಿ ಹಿಡಿಯಬೇಡಿ. ಒಯ್ದ ಪ್ಲಾಸ್ಟಿಕ್ ವಾಪಸು ತನ್ನಿ.

ಇಲಾಖೆಗೂ ಎರಡೇ ಮಾತು. ಎಷ್ಟು ಟಿಕೆಟ್ ಮಾರಿತು, ಎಷ್ಟು ದುಡ್ಡು ಬಂತು, ದಾರಿ ರಿಪೇರಿಗೆಷ್ಟು, ಹಳ್ಳಿಗೆಷ್ಟು ಅಂತ ತಿಂಗಳಿಗೊಮ್ಮೆ ಚೆಕ್‌ಪೋಸ್ಟಿನ ಬೋರ್ಡಿನಲ್ಲಿ ಬರೆಯಿರಿ. ವರ್ಷಕ್ಕೊಮ್ಮೆ ದಾರಿ ಎಷ್ಟು ಸವೆದಿದೆ ಅಳೆದು, 300 ಹೆಚ್ಚಾಯಿತೆಂದು ಕಂಡರೆ ಇಳಿಸಿ. ಗುಡ್ಡದ ತಾಳಿಕೆ ನೋಡಿ ಮಿತಿ ಹಾಕಿದ್ದಾರೆಂದು ಗೊತ್ತಾದರೆ ಊರಿನವರೇ ಅದನ್ನು ಕಾಯ್ತಾರೆ. ಗೊತ್ತಾಗದಿದ್ದರೆ ಕಾವಲು ಗೇಟಿನಲ್ಲಿ ಮಾತ್ರ ಇರುತ್ತೆ, ಅಡ್ಡದಾರಿ ಹತ್ತಾರು ಹುಟ್ಟುತ್ತವೆ.