ಕೇಳಿಸಿದರಷ್ಟೇ ಗುಂಡಿ ಒತ್ತಿ

ನಮ್ಮಪ್ಪನಿಗೆ ಕಿವಿ ಮಂದವಾಗಿದೆ ಎಂದು ನಮಗೆ ಗೊತ್ತಾದದ್ದು ಅವರು ಡೊಂಬಿವಿಲಿಗೆ ಬಂದ ಮೇಲೆ. ಬನಹಟ್ಟಿಯಲ್ಲಿ ಅದು ಗೊತ್ತಾಗುವಂತೆಯೇ ಇರಲಿಲ್ಲ. ನಮ್ಮ ಓಣಿ ತುಂಬ ಪಾವರ್‌ಲೂಮ್ ಮಗ್ಗಗಳು. ಬೆಳಿಗ್ಗೆ ಶುರುವಾದ ಖಟಖಟ ಕರೆಂಟು ಹೋದಾಗಷ್ಟೇ ನಿಲ್ಲುತ್ತಿತ್ತು. ಅಲ್ಲಿ ಎಲ್ಲರೂ ಜೋರಾಗಿಯೇ ಮಾತಾಡುತ್ತಾರೆ. ಮಗ್ಗದ ಮುಂದೆ ನಿಂತವರು ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಾರೆ. ಅಪ್ಪ ನಲವತ್ತು ವರ್ಷ ಆ ಸದ್ದಿನಲ್ಲಿ ನಿಂತು ಸೀರೆ ನೇಯ್ದವರು.

ಅವ್ವ ತೀರಿಕೊಂಡ ಮೇಲೆ ಅವರನ್ನು ಇಲ್ಲಿಗೆ ಕರೆದುಕೊಂಡು ಬಂದೆ. ಫ್ಲ್ಯಾಟಿನ ನಿಶ್ಶಬ್ದದಲ್ಲಿ ಎಲ್ಲ ಬಯಲಾಯಿತು. ಕಾಲ್‌ಬೆಲ್ ಹತ್ತು ಸಲ ಬಾರಿಸಿದರೂ ಬಾಗಿಲು ತೆರೆಯುತ್ತಿರಲಿಲ್ಲ. ಟಿವಿ ಸದ್ದಿಗೆ ಪಕ್ಕದ ಮನೆಯವರು ಬಂದು ಹೇಳಿ ಹೋದರು. ಫೋನಿನಲ್ಲಿ ಯಾರು ಏನು ಕೇಳಿದರೂ ಒಂದೇ ಉತ್ತರ: "ಹೂಂ ಹೂಂ, ಎಲ್ಲಾ ಆರಾಮ ಅದೀವಿ." ಒಂದು ದಿನ ಊರಿನಿಂದ ಫೋನ್ ಬಂತು. ಅವರ ಜೊತೆ ಮಗ್ಗದಲ್ಲಿದ್ದ ಹಳೆಯ ಗೆಳೆಯರೊಬ್ಬರು ತೀರಿಕೊಂಡ ಸುದ್ದಿ. ಅಪ್ಪ ನಗುತ್ತಾ, "ಭಾಳ ಚಲೋ ಆತು ಬಿಡು" ಎಂದರು. ಆ ಕಡೆ ಫೋನ್ ಕಟ್ ಆಯಿತು. ಆಮೇಲೆ ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ. ವಿಷಯ ತಿಳಿದ ಮೇಲೆ ಅಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಅಷ್ಟಾದರೂ ನಾನು ಅಂದುಕೊಂಡದ್ದು, ವಯಸ್ಸಾಯಿತಲ್ಲ, ಇನ್ನೇನು ಎಂದೇ. ನಮ್ಮ ಡಾಕ್ಟರೂ ಅದನ್ನೇ ಹೇಳಿದ್ದರು. ನನ್ನ ಆಫೀಸಿನ ಸಹೋದ್ಯೋಗಿಯೊಬ್ಬರು ಮಾತ್ರ, "ಸರ್ಟಿಫಿಕೇಟ್ ಮಾಡಿಸಿದ್ದೀರಾ?" ಎಂದು ಕೇಳಿದರು. ಯಾವ ಸರ್ಟಿಫಿಕೇಟ್ ಎಂದು ನಾನೇ ಅವರನ್ನು ಕೇಳಬೇಕಾಯಿತು.

ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಅದರ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಪಾರ್ಕಿನ್ಸನ್ಸ್ ಕೂಡ ಅದರಲ್ಲಿದೆ. ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್‌ವರೆಗೆ ಶ್ರವಣ ನಷ್ಟವಿದ್ದರೆ ಕಿವಿ ಮಂದ, 70 ಆದರೆ ಕಿವುಡು ಎಂದು ಅಲ್ಲಿ ಬರೆದಿದೆ. ಆ ನಷ್ಟ ಹುಟ್ಟಿನಿಂದಲೇ ಇರಬೇಕೆಂದಾಗಲಿ, ಇಂಥ ವಯಸ್ಸಿನೊಳಗೆ ಬಂದಿರಬೇಕೆಂದಾಗಲಿ ಎಲ್ಲಿಯೂ ಇಲ್ಲ. 'ವಯಸ್ಸಾಯಿತು' ಎಂಬ ಷರಾ ಹಾಕುವವರು ನಾವೇ. ಒಟ್ಟು ವೈಕಲ್ಯ ಶೇ. 40 ದಾಟಿತೆಂದರೆ ಅನೇಕ ಸೌಲಭ್ಯಗಳ ಬಾಗಿಲು ತೆರೆಯುತ್ತದೆ.

ಅಪ್ಪನಿಗೆ ಹೇಳಿದಾಗ ಅವರು ನನ್ನನ್ನೇ ನೋಡಿದರು. "ಅಲ್ಲವಾ, ನನಗ ಕಿವಿ ಕೇಳಸಂಗಿಲ್ಲಂತ ಸರಕಾರಕ್ಕ ಅರ್ಜಿ ಹಾಕಬೇಕೇನು? ಊರಾಗ ಗೊತ್ತಾದ್ರ ಮಂದಿ ಏನಂದಾರು?"

"ಅಪ್ಪಾ, ಊರಾಗ ಎಲ್ಲಾರಿಗೂ ಗೊತ್ತೈತ್ರಿ. ನಿಮಗಷ್ಟ ಗೊತ್ತಿಲ್ಲ" ಎಂದೆ. ಆಮೇಲೆ ಯಾಕಾದರೂ ಅಂದೆನೋ ಅನಿಸಿತು. ಆದರೆ ಮರುದಿನ ಅವರೇ ಬಂದು, "ಫೋಟೋ ಬೇಕೇನು?" ಎಂದರು.

ಅರ್ಜಿ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಅಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ಎರಡು ಪ್ರಶ್ನೆಗಳು. ಮೊದಲನೆಯದು, ವೈಕಲ್ಯ ಯಾವಾಗಿನಿಂದ? ಅಪಘಾತವಾಗಿದ್ದರೆ ತಾರೀಖು ಇರುತ್ತದೆ. ಮಗ್ಗದ ಸದ್ದು ದಿನಕ್ಕಿಷ್ಟು ಎಂದು ಕಿವಿಯನ್ನು ತಿಂದದ್ದಕ್ಕೆ ಯಾವ ವರ್ಷ ಬರೆಯುವುದು? ಅಪ್ಪ ಬಹಳ ಹೊತ್ತು ಯೋಚಿಸಿ, "ನಿನ್ನ ಲಗ್ನದಾಗ ಸನಾದಿ ಸರಿಯಾಗಿ ಕೇಳಿಸಿದ್ದಿಲ್ಲ" ಎಂದರು. ನನ್ನ ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು. ಅಂದಿನಿಂದ ಅವರು ಯಾರಿಗೂ ಹೇಳಿರಲಿಲ್ಲ. ಅದೇ ವರ್ಷ ಬರೆದೆ.

ಎರಡನೆಯದು ವಿಳಾಸ. ಅಪ್ಪನ ಆಧಾರ್ ಬನಹಟ್ಟಿಯದು. ಹಾಗಾದರೆ ಪರೀಕ್ಷೆಗೆ ಬಾಗಲಕೋಟೆಗೇ ಹೋಗಬೇಕೇ? ಬೇಕಿಲ್ಲ. ಗುರುತಿನ ವಿಳಾಸವಿರುವ ಜಿಲ್ಲೆಯಲ್ಲಿ ಅರ್ಜಿ ಹಾಕಬಹುದು, ಇಲ್ಲವೇ ಈ ತೊಂದರೆಗೆ ಚಿಕಿತ್ಸೆ ಪಡೆಯುತ್ತಿರುವ ಸರಕಾರಿ ಆಸ್ಪತ್ರೆಯಲ್ಲೂ ಹಾಕಬಹುದು ಎಂದು 2017ರ ನಿಯಮಗಳು ಹೇಳುತ್ತವೆ. ನಮ್ಮಂತೆ ಹೊರರಾಜ್ಯದಲ್ಲಿರುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಮೊದಲು ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಕಿವಿ ತೋರಿಸಿ ಕೇಸ್ ಪೇಪರ್ ಮಾಡಿಸಿಕೊಳ್ಳಿ, ಆಮೇಲೆ ಅರ್ಜಿ ತುಂಬಿ. ಕಾರ್ಡು ಎಲ್ಲಿ ಮಾಡಿಸಿದರೂ ದೇಶದೆಲ್ಲೆಡೆ ನಡೆಯುತ್ತದೆ.

ಪರೀಕ್ಷೆಯ ದಿನ ಅಪ್ಪನನ್ನು ಗಾಜಿನ ಕಿಟಕಿಯಿದ್ದ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿಸಿದಾಗ ಒತ್ತಬೇಕು. ಆಡಿಯಾಲಜಿಸ್ಟ್ ಚಿಕ್ಕ ವಯಸ್ಸಿನ ಮರಾಠಿ ಹುಡುಗಿ. ಅವಳು ಹೇಳಿದ್ದನ್ನು ನಾನು ಕನ್ನಡದಲ್ಲಿ ಕೂಗಿ ಹೇಳಿದೆ. ಕಿಟಕಿಯಾಚೆಯಿಂದ ನೋಡುತ್ತಿದ್ದರೆ ಅಪ್ಪ ಪಟಪಟನೆ ಗುಂಡಿ ಒತ್ತುತ್ತಲೇ ಇದ್ದರು. ಹೊರಗೆ ಬಂದು, "ಎಲ್ಲಾ ಬರೋಬರಿ ಒತ್ತೀನಿ" ಎಂದರು. ಪರೀಕ್ಷೆ ಪಾಸಾದ ಹುಡುಗನ ಮುಖ!

ಆ ಹುಡುಗಿ ಗ್ರಾಫ್ ನೋಡಿ ಹುಬ್ಬು ಗಂಟಿಕ್ಕಿದಳು. ಅದರ ಪ್ರಕಾರ ಅಪ್ಪನಿಗೆ ಅಂಥ ನಷ್ಟವೇ ಇಲ್ಲ, ಅರ್ಜಿ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅವಳು ಹಿಂದಿನಿಂದ ಕರೆದರೆ ಅಪ್ಪ ತಿರುಗಿ ನೋಡುತ್ತಿರಲಿಲ್ಲ. "ನಾನು ಸದ್ದು ಕೊಡದೇ ಇದ್ದಾಗಲೂ ಆಜೋಬಾ ಒತ್ತುತ್ತಿದ್ದರು" ಎಂದಳು. ಕೇಳಿಸದಿದ್ದರೂ ಕೇಳಿಸಿದಂತೆ ಸುಳ್ಳು ಹೇಳಿ ಸೌಲಭ್ಯ ಕಳೆದುಕೊಳ್ಳುವುದು ಮುದುಕರಲ್ಲಿ ಮಾಮೂಲಂತೆ. ನಲವತ್ತು ವರ್ಷ ಎಲ್ಲದಕ್ಕೂ ಹೂಂಗುಟ್ಟಿದವರು ಗುಂಡಿ ಒತ್ತದೆ ಸುಮ್ಮನೆ ಕೂರುವುದಾದರೂ ಹೇಗೆ?

ಅವಳೇ ಬೇರಾ ಎಂಬ ಇನ್ನೊಂದು ಪರೀಕ್ಷೆಗೆ ಬರೆದುಕೊಟ್ಟಳು. ಅದರಲ್ಲಿ ಗುಂಡಿಯಿಲ್ಲ. ಹಣೆಗೆ, ಕಿವಿಯ ಹಿಂದೆ ವೈರು ಅಂಟಿಸಿ, ಕಿವಿಗೆ ಟಿಕ್ ಟಿಕ್ ಸದ್ದು ಕೊಟ್ಟು, ಮಿದುಳಿನ ಬುಡಕ್ಕೆ ಅದು ಮುಟ್ಟಿತೋ ಇಲ್ಲವೋ ಎಂದು ಯಂತ್ರವೇ ನೋಡುತ್ತದೆ. ಅಲುಗಾಡದೆ ಮಲಗಿದರೆ ಸಾಕು. ಅಪ್ಪ ಗೊರಕೆ ಹೊಡೆದರು. ಫಲಿತಾಂಶ ಶೇ. 54. ಲೆಕ್ಕ ಹಾಕುವ ಕ್ರಮವನ್ನೂ ಕೇಳಿ ತಿಳಿದುಕೊಂಡೆ. ಚೆನ್ನಾಗಿರುವ ಕಿವಿಯ ಶೇಕಡಾವಾರನ್ನು ಐದರಿಂದ ಗುಣಿಸಿ, ಕೆಟ್ಟ ಕಿವಿಯದನ್ನು ಕೂಡಿಸಿ, ಆರರಿಂದ ಭಾಗಿಸುತ್ತಾರೆ. ಅಂದರೆ ಒಂದೇ ಕಿವಿ ಪೂರ್ತಿ ಹೋದವರು ಈ ಲೆಕ್ಕದಲ್ಲಿ ಶೇ. 40 ಮುಟ್ಟುವುದಿಲ್ಲ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಅಂದುಕೊಂಡಷ್ಟಿಲ್ಲ. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿಗೆ ಶೇ. 80 ವೈಕಲ್ಯವೂ ಬಡತನ ರೇಖೆಯ ಕೆಳಗಿನ ಕುಟುಂಬವೂ ಆಗಿರಬೇಕು, ಅದರಲ್ಲಿ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ರಾಜ್ಯಗಳ ಮಾಸಾಶನ ಆಯಾ ರಾಜ್ಯದ ನಿವಾಸಿಗಳಿಗೆ. ಊರಿನಲ್ಲಿ ಮಾಸಾಶನ ಪಡೆಯುತ್ತಿರುವ ಹಿರಿಯರನ್ನು ಕರೆತಂದವರು ಅವರ ಆಧಾರ್ ವಿಳಾಸ ಬದಲಿಸುವ ಮೊದಲು ಇದನ್ನು ಯೋಚಿಸಿ.

ರೈಲಿನ ವಿಷಯ ಕೇಳಿದರೆ ನಗುತ್ತೀರಿ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಅಂಗವಿಕಲರ ರಿಯಾಯಿತಿ ಇದೆ, ಆದರೆ ಕಿವಿಯ ವಿಷಯದಲ್ಲಿ ಅದು ಕಿವಿ ಕೇಳಿಸದೆ ಮಾತೂ ಬಾರದವರಿಗೆ ಮಾತ್ರ. ವಯಸ್ಸಾದ ಮೇಲೆ ಕಿವಿ ಕಳೆದುಕೊಂಡವರಿಗೆ ಮಾತು ಬಂದೇ ಬರುತ್ತದೆ, ಹಾಗಾಗಿ ಪೂರ್ತಿ ಟಿಕೆಟ್. ಅಪ್ಪ ಇದನ್ನು ಕೇಳಿ, "ಬಾಯಿ ಮುಚ್ಚಿಕೊಂಡು ಕುಂತ್ರ ಅರ್ಧಾ ಟಿಕೆಟ್ಟ ಅನ್ನು, ನಿಮ್ಮವ್ವ ಇದ್ದಿದ್ರ ಇದನ್ನ ಮದಲ ಹೇಳ್ತಿದ್ಲು" ಎಂದರು.

ನಮಗೆ ನಿಜವಾಗಿ ಕೈಗೆ ಬಂದದ್ದು ಆದಾಯ ತೆರಿಗೆಯಲ್ಲಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ತಮ್ಮನ್ನೇ ಅವಲಂಬಿಸಿರುವ ಅಂಗವಿಕಲ ತಂದೆತಾಯಿಯನ್ನು ನೋಡಿಕೊಳ್ಳುತ್ತಿದ್ದರೆ, 75,000 ರೂಪಾಯಿ ಕಡಿತ ಸಿಗುತ್ತದೆ. ವೈಕಲ್ಯ ಶೇ. 80 ದಾಟಿದ್ದರೆ 1,25,000. ನಾನು ಶೇ. 20ರ ಹಂತದಲ್ಲಿರುವುದರಿಂದ ಸೆಸ್ ಸೇರಿ 15,600 ರೂಪಾಯಿ ಉಳಿಯಿತು. ಅದು ಮಗಳ ಪುಕ್ಕಟೆ ಉಪಕಾರವಲ್ಲ, ತನ್ನ ಕಿವಿಯ ದುಡ್ಡು ಎಂದು ಅಪ್ಪನಿಗೆ ಅನಿಸಿತೋ ಏನೋ, ಹಿಯರಿಂಗ್ ಏಡ್ ಬೇಡವೇ ಬೇಡ ಎನ್ನುತ್ತಿದ್ದವರು ಒಪ್ಪಿದರು. ಉಳಿದ ಹಣ ನಾವು ಹಾಕಿದೆವು. ಆದಾಯ ಕಡಿಮೆಯಿರುವ ಕುಟುಂಬಗಳಿಗೆ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಶ್ರವಣ ಸಾಧನ ಸಿಗುತ್ತದೆ, ಅದಕ್ಕೂ ಇದೇ ಸರ್ಟಿಫಿಕೇಟ್ ಬೇಕು.

ಇದಕ್ಕಿಂತ ಹೆಚ್ಚಿನ ಬದಲಾವಣೆ ಒಂದಾಗಿದೆ. ಅಪ್ಪ ಈಗ ಸೊಸೈಟಿಯ ಬೆಂಚಿನಲ್ಲಿ ಕುಳಿತವರಿಗೆ ತಾವೇ ಮೊದಲು ಹೇಳುತ್ತಾರೆ, ತಮ್ಮ ಹರಕುಮುರುಕು ಹಿಂದಿಯಲ್ಲಿ: ಕಿವಿ ಮಂದ, ಮುಖ ನೋಡಿ ಮಾತಾಡಿ. ಮೊದಲು ನಕ್ಕು ತಲೆಯಾಡಿಸಿ ಎದ್ದು ಬರುತ್ತಿದ್ದವರು ಈಗ ಕತ್ತಲಾಗುವವರೆಗೆ ಕೂರುತ್ತಾರೆ.

ನಿಮ್ಮ ಮನೆಯ ಹಿರಿಯರೂ ಎಲ್ಲದಕ್ಕೂ ಹೂಂ ಎನ್ನುತ್ತಿದ್ದರೆ, ಒಮ್ಮೆ ಹಿಂದಿನಿಂದ ಕರೆದು ನೋಡಿ. ಪರೀಕ್ಷೆಗೆ ಕರೆದುಕೊಂಡು ಹೋಗುವ ಮೊದಲು ಅವರಿಗೆ ಸರಿಯಾಗಿ ತಿಳಿಸಿ ಹೇಳಿ, ಇದು ಪಾಸಾಗುವ ಪರೀಕ್ಷೆ ಅಲ್ಲ ಎಂದು.

ಮೊನ್ನೆ ಬನಹಟ್ಟಿಯಿಂದ ಅಪ್ಪನ ಜೊತೆಗಾರರೊಬ್ಬರ ಫೋನ್ ಬಂತು. ಅವರಿಗೂ ಕಾರ್ಡು ಮಾಡಿಸಬೇಕಂತೆ. ಇಬ್ಬರೂ ಅರ್ಧ ಗಂಟೆ ಕೂಗಾಡಿದರು. ಕೊನೆಗೆ ಅಪ್ಪ ಇಡೀ ಬಿಲ್ಡಿಂಗಿಗೆ ಕೇಳುವಂತೆ ಹೇಳಿದ್ದು: "ನನ್ನಂಗ ಶಾಣ್ಯಾತನ ಮಾಡಬ್ಯಾಡೋ ಮಾರಾಯಾ. ಕೇಳಿಸಿದ್ರಷ್ಟ ಒತ್ತು!"