ಸಾರುವೆಯಿಂದ ಬಿದ್ದವನ ಹೊಣೆ ಯಾರದು?

ನಮ್ಮ ಶಾಲೆಯ ಅನೇಕ ವಿದ್ಯಾರ್ಥಿಗಳ ತಂದೆತಾಯಿಗಳು ವಿಜಯಪುರ, ಕಲಬುರಗಿ, ಯಾದಗಿರಿಯ ಕಡೆಯಿಂದ ಮುಂಬಯಿಗೆ ಬಂದು ಕಟ್ಟಡದ ಕೆಲಸ ಹಿಡಿದವರು. ಈ ನಗರದ ಎತ್ತರದ ಸೌಧಗಳನ್ನು ಕಂಡು ನಾವು ಬೆರಗಾಗುತ್ತೇವೆ. ಅವುಗಳ ಸಾರುವೆಯ ಮೇಲೆ ನಿಂತು ದುಡಿದವರು ನಮ್ಮವರೇ ಎಂಬುದನ್ನು ಮರೆಯುತ್ತೇವೆ.

ಕಳೆದ ವರ್ಷ ಎಂಟನೆಯ ತರಗತಿಯ ಹುಡುಗನೊಬ್ಬನ ತಂದೆ ಮೂರನೆಯ ಮಹಡಿಯ ಸಾರುವೆಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡರು. ನಾನು ನೋಡಲು ಹೋದಾಗ ನೆರೆದವರ ಬಾಯಲ್ಲಿ ಎರಡೇ ಮಾತು: ಒಂದು, "ಹಣೆಬರಹ, ಸರ್", ಮತ್ತೊಂದು, "ನೋಡಿ ಕಾಲಿಡಬೇಕಿತ್ತು." ಅಷ್ಟರಲ್ಲಾಗಲೇ ಮೇಸ್ತ್ರಿಯು ಇಪ್ಪತ್ತು ಸಾವಿರ ರೂಪಾಯಿ ಕೊಟ್ಟು, ಇನ್ನು ಮುಂದೆ ಏನನ್ನೂ ಕೇಳುವುದಿಲ್ಲವೆಂಬ ಕಾಗದಕ್ಕೆ ಅವರ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದನು.

ಈ ಎರಡು ಮಾತುಗಳನ್ನೂ ನಾನು ಒಪ್ಪಲಾರೆ. ನಮ್ಮ ದೇಶದ ಕಾನೂನೂ ಒಪ್ಪುವುದಿಲ್ಲ. 1923ರಷ್ಟು ಹಿಂದೆಯೇ ಕಾರ್ಮಿಕರ ಪರಿಹಾರದ ಕಾಯಿದೆ ಬಂದಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದರ ತಿರುಳು ಹಾಗೆಯೇ ಉಳಿದಿದೆ. ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ ಗಾಯವಾದರೆ ಪರಿಹಾರ ಕೊಡತಕ್ಕವನು ಕೆಲಸ ಕೊಟ್ಟವನು. ಅವನ ತಪ್ಪನ್ನು ಸಾಧಿಸಿ ತೋರಿಸಬೇಕಾಗಿಲ್ಲ. ಕುಡಿದಿದ್ದನು, ಬೇಕೆಂದೇ ಆಜ್ಞೆ ಮೀರಿದನು, ರಕ್ಷಣೆಯ ಸಾಧನವನ್ನು ಬೇಕೆಂದೇ ತೆಗೆದನು ಎಂಬ ಆಕ್ಷೇಪಗಳಿಗೆ ಸಣ್ಣಪುಟ್ಟ ಗಾಯಗಳಲ್ಲಿ ಎಡೆಯುಂಟು. ಸಾವು ಅಥವಾ ಶಾಶ್ವತವಾದ ಪೂರ್ಣ ಅಂಗವಿಕಲತೆ ಒದಗಿದಾಗ ಅವೂ ನಿಲ್ಲುವುದಿಲ್ಲ. ಬರಿದೆ ಕಾಲು ಜಾರಿದ್ದಂತೂ ಆಕ್ಷೇಪವೇ ಅಲ್ಲ.

ತಪ್ಪಿಲ್ಲದ ಧಣಿ ದಂಡ ತೆರುವುದು ಯಾವ ನ್ಯಾಯ, ಎಂದು ಕೇಳುವವರಿದ್ದಾರೆ. ಇದು ದಂಡವಲ್ಲ. ಸಿಮೆಂಟು, ಕಬ್ಬಿಣ, ಮರಳುಗಳಿಗೆ ಬೆಲೆ ಕಟ್ಟಿ ಮನೆಯ ಕ್ರಯದಲ್ಲಿ ಸೇರಿಸುವವನು, ಮುರಿದ ಬೆನ್ನಿನ ಬೆಲೆಯನ್ನು ಮಾತ್ರ ಕೂಲಿಯವನ ಹೆಂಡತಿ ಮಕ್ಕಳ ಲೆಕ್ಕಕ್ಕೆ ಬರೆಯುವುದು ಸರಿಯೆ? ಲಾಭ ಯಾರದೋ ಅಪಾಯದ ವೆಚ್ಚವೂ ಅವರದೇ ಆಗಬೇಕು. ಅಪಾಯಕ್ಕೆ ಹಣ ತೆರಬೇಕಾದಾಗ ಸಾರುವೆಯ ಹಗ್ಗ, ಬಲೆ, ಸೊಂಟದ ಪಟ್ಟಿಗಳ ಕಡೆಗೂ ಧಣಿಯ ಕಣ್ಣು ಹೊರಳುವುದು.

ಗಣಿತದ ತಾಸಿನಲ್ಲಿ ನಾವು ಒಂದು ಲೆಕ್ಕ ಮಾಡಿದೆವು. ತಿಂಗಳಿಗೆ 12,000 ರೂ. ಗಳಿಸುವ 40 ವರ್ಷದವನು ಎಂದೆಂದಿಗೂ ಯಾವ ಕೆಲಸಕ್ಕೂ ಬಾರದಂತಾದರೆ, ವೇತನದ ನೂರಕ್ಕೆ 60 ಪಾಲು, ಅಂದರೆ 7,200 ರೂ.; ಅದನ್ನು ಕಾಯಿದೆಯ ಪಟ್ಟಿಯಲ್ಲಿ ಆ ವಯಸ್ಸಿಗೆ ಕೊಟ್ಟಿರುವ 184.17ರಿಂದ ಗುಣಿಸಬೇಕು. ಉತ್ತರ 13,26,024 ರೂ. ಆ ಹುಡುಗನು ಉತ್ತರವನ್ನು ಎರಡು ಸಲ ತಾಳೆ ನೋಡಿದನು.

ಹಾಗಾದರೆ ಹೆಬ್ಬೆಟ್ಟಿನ ಕಾಗದದ ಗತಿಯೇನು? ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆನೆಂಬ ಒಪ್ಪಂದ ಕಾನೂನಿನ ಕಣ್ಣಿನಲ್ಲಿ ನಿರರ್ಥಕ.

ನಿಜವಾದ ತೊಡಕು ಬೇರೆಡೆಯಲ್ಲಿದೆ. ಮೇಸ್ತ್ರಿ ನಮ್ಮೂರಿನವನು, ಮಗಳ ಮದುವೆಗೆ ಮುಂಗಡ ಕೊಟ್ಟವನು. ಅವನ ಮೇಲೆ ದೂರು ಕೊಡುವುದು ಹೇಗೆ? ಈ ದಾಕ್ಷಿಣ್ಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪರಸ್ಥಳದಲ್ಲಿ ಊರಿನವರೇ ನಮಗೆ ಆಸರೆ. ಆದರೆ ಕಟ್ಟಡ ಕಟ್ಟುವುದೇ ಯಾರ ವ್ಯಾಪಾರವೋ ಆ ಮುಖ್ಯ ಧಣಿಯು, ಒಳಗುತ್ತಿಗೆಯವನ ಆಳಿಗೂ ಪರಿಹಾರ ಕೊಡಲು ಬಾಧ್ಯನು. ಕೊಟ್ಟ ಹಣವನ್ನು ಗುತ್ತಿಗೆಯವನಿಂದ ವಸೂಲು ಮಾಡಿಕೊಳ್ಳುವುದು ಅವರಿಬ್ಬರ ವ್ಯವಹಾರ. ಬಡ ಮೇಸ್ತ್ರಿಯ ಕೈಯನ್ನೇ ನೋಡುತ್ತ ಕೂಡುವ ಕಾರಣವಿಲ್ಲ.

ಅರ್ಜಿಯನ್ನು ಎರಡು ವರ್ಷದೊಳಗೆ ಕೊಡಬೇಕು. ಆಗ ಬರುವ ಮೊದಲ ಪ್ರಶ್ನೆಯೇ, "ಇವನು ಇಲ್ಲಿ ಕೆಲಸ ಮಾಡುತ್ತಿದ್ದನೆಂಬುದಕ್ಕೆ ಆಧಾರವೇನು?" ಎಂಬುದು. ಹಾಜರಿ ಪುಸ್ತಕದಲ್ಲಿ ಹೆಸರಿರುವುದಿಲ್ಲ; ಕೂಲಿ ಕೈಯಿಂದ ಕೈಗೆ ಹೋಗಿರುತ್ತದೆ. ಇಲ್ಲಿ ನಿಮ್ಮ ಅಕ್ಷರಜ್ಞಾನಕ್ಕೆ ಕೆಲಸವಿದೆ. ಪ್ರತಿ ರಾತ್ರಿ ತಂದೆಯನ್ನೋ ತಾಯಿಯನ್ನೋ ಕೇಳಿ, ಕೆಲಸದ ಸ್ಥಳ, ಕಟ್ಟಿಸುವವರ ಹೆಸರು, ಮೇಸ್ತ್ರಿಯ ಹೆಸರು, ಕೂಲಿ, ಜೊತೆಯಲ್ಲಿದ್ದವರು, ಇಷ್ಟನ್ನು ತಾರೀಖಿನೊಡನೆ ಬರೆದಿಡಿ. ಕನ್ನಡದಲ್ಲಿಯೇ ಬರೆಯಿರಿ.

ಆ ಹುಡುಗನ ತಂದೆಯ ಅರ್ಜಿ ಇನ್ನೂ ವಿಚಾರಣೆಯಲ್ಲಿದೆ. ಜೊತೆಯ ಇಬ್ಬರು ಗವಂಡಿಗಳು ಸಾಕ್ಷಿ ಹೇಳಲು ಒಪ್ಪಿದ್ದಾರೆ. ಮೂರನೆಯವನು ಊರಿಗೆ ಹೋದವನು ಮರಳಿ ಬಂದಿಲ್ಲ. ಹುಡುಗನು ಈಗ ಚಿಕ್ಕಪ್ಪನ ಹಾಜರಿಯನ್ನು ಹಳೆಯ ಭೂಗೋಳದ ವಹಿಯ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದಾನೆ.